ನೆಕ್ಕಿ ನೋಡದ ಹೀರೇಕಾಯಿ

ನೆಲೋಗಿಯ ದೌಲತರಾಯನಂಥ ಒಳ್ಳೆಯ ಮನುಷ್ಯ ಇಡೀ ಜೇವರ್ಗಿ ತಾಲೂಕಿನಲ್ಲೇ ಸಿಗಲಿಕ್ಕಿಲ್ಲ ಎಂದು ಅವನ ಹಿಟ್ಟಿನ ಗಿರಣಿಗೆ ಬರುವ ಹೆಂಗಸರೆಲ್ಲ ಹೇಳುತ್ತಿದ್ದರು. ಜೋಳದ ಬುಟ್ಟಿ ಇಳಿಸಲು ತಾನೇ ಕೈ ಕೊಡುವನು, ಮುದುಕಿಯರ ಜೋಳ ಮೊದಲು ಬೀಸಿ ಕೊಡುವನು, ಕರೆಂಟು ಹೋದರೆ ಕಾದು ಕೂತವರಿಗೆ ಚಹಾ ತರಿಸುವನು. ಸಿಟ್ಟು ಎಂಬುದು ಅವನ ಕಡೆ ಹಾಯ್ದೇ ಇರಲಿಲ್ಲ. ಇಂಥವನು ಹಡೆದ ಹೆಂಡತಿಯನ್ನು ಕರೆತರಲು ಹೋಗಿಲ್ಲ, ಐದು ತಿಂಗಳ ಮಗಳ ಮುಖ ನೋಡಿಲ್ಲ ಎಂದರೆ ತಪ್ಪು ಆ ಹೆಂಡತಿಯದೇ ಇರಬೇಕು ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಊರಿಗೇನು, ತೀರ್ಮಾನಕ್ಕೆ ಖರ್ಚಿಲ್ಲ.

ತಪ್ಪು ಯಾರದೆಂದು ಎಲ್ಲರಿಗಿಂತ ಸರಿಯಾಗಿ ಒಬ್ಬಳಿಗೆ ಗೊತ್ತಿತ್ತು. ಅವಳು ದೌಲತರಾಯನ ತಾಯಿ ಗಂಗಾಬಾಯಿ. ಗೊತ್ತಿದ್ದೂ ಅವಳು ಮಗನ ಮುಂದೆ ಬಾಯಿ ಬಿಟ್ಟಿರಲಿಲ್ಲ.

೧೯೮೭ರ ಬೇಸಿಗೆಯ ಒಂದು ಬೆಳಗ್ಗೆ ಪೋಸ್ಟಿನವನು ಅವರ ಮನೆಯ ಕಟ್ಟೆಯ ಮೇಲೆ ಕೂತು ಒಂದು ಕಾರ್ಡು ಓದಿ ಹೇಳಿದ. ಸೊಸೆ ಸುಂದರಬಾಯಿಯ ತಂದೆ, ಆಳಂದ ತಾಲೂಕು ನರೋಣಾದ ಹಣಮಂತರಾಯ ಬರೆದದ್ದು. ತೊಟ್ಟಿಲಿಗೆ ಕರೆ ಕಳಿಸಿದೆವು, ಅಳಿಯಂದಿರು ಬರಲಿಲ್ಲ. ಮೂರನೇ ತಿಂಗಳಿಗೆ ಹೇಳಿ ಕಳಿಸಿದೆವು, ಬರಲಿಲ್ಲ. ಈಗ ಐದು ತುಂಬುತ್ತಿದೆ. ಬರುವ ಅಮಾವಾಸ್ಯೆಯೊಳಗೆ ಬಂದು ಹೆಂಡತಿ ಮಗಳನ್ನು ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ ಬಿಡುಗಡೆಯ ಮಾತು ಆಡುವುದಷ್ಟೇ ಉಳಿದದ್ದು. ನಮ್ಮ ಮಗಳು ನಮಗೆ ಭಾರವಲ್ಲ.

ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು.

ಮಧ್ಯಾಹ್ನ ಮಗ ಮೈಯೆಲ್ಲ ಹಿಟ್ಟಾಗಿ ಉಣ್ಣಲು ಬಂದ. ಗಂಗಾಬಾಯಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಮೊದಲ ತುತ್ತಿಗೇ ಅವನು ದಿನಾ ಹೇಳುವ ಮಾತು ಹೇಳಿದ.

"ನಿನ್ನ ಕೈಯಾಗ ಅಮೃತ ಅದ ನೋಡು, ಯವ್ವಾ."

ಈ ಮಾತಿಗೆ ಗಂಗಾಬಾಯಿ ಒಂದು ಕಾಲಕ್ಕೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಈಗ ಅದನ್ನು ಕೇಳಿದರೆ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು.

"ನರೋಣಾದಿಂದ ಕಾರ್ಡ್ ಬಂದದಪಾ. ಅಮಾಸಿ ಒಳಗ ಬರ್ರಿ ಅಂದಾರ."

"ಅಂದ್ರ ಅನ್ಲಿ."

"ಹೋಗಿ ಕರಕೊಂಡು ಬಾ. ಕೂಸಿನ ಮಾರಿ ನೋಡಿಲ್ಲ ನೀ."

"ಹೋದಾಕಿ ಅಕಿ. ನಾ ಯಾಕ ಕರೀಲಿ?"

"ಅಕಿ ಎಲ್ಲಿ ಹೋದಳಪಾ? ಮೊದಲನೇ ಹೆರಿಗಿ ತವರಾಗ ಆಗಬೇಕಂತ ನಾವ ಕಳಿಸೀವಿ. ಎಲ್ಲಾರ ಮನ್ಯಾಗೂ ಕಳಿಸ್ತಾರ."

ದೌಲತರಾಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬಸ್ ಹತ್ತಿದ ಮ್ಯಾಲ ಕಿಡಕಿ ಕಡೆ ಕುಂತಿದ್ಲು, ಯವ್ವಾ. ನಾ ಕೆಳಗ ನಿಂತೇ ಇದ್ದೆ. ಒಂದು ಸಲಾನೂ ಹೊಳ್ಳಿ ನೋಡಲಿಲ್ಲ. ಹಂಗ ಹೋದವರು ಹೊಳ್ಳಿ ಬರಂಗಿಲ್ಲ. ನನಗ ಗೊತ್ತದ."

ಅದರಲ್ಲಿ ಸಿಟ್ಟಿರಲಿಲ್ಲ. ಮೂವತ್ತಕ್ಕೆ ಬಂದ, ಮೀಸೆ ಬಿಟ್ಟ ಗಂಡಸು ಹೀಗೆ ಸಣ್ಣ ದನಿಯಲ್ಲಿ ಮಾತಾಡಿದರೆ ಕೇಳುವವರಿಗೆ ನಾಚಿಕೆಯಾಗುತ್ತದೆ. ಗಂಗಾಬಾಯಿ ನೀರು ತರುವ ನೆಪ ಮಾಡಿ ಒಳಗೆ ಹೋಗಿ ಗಡಿಗೆಯ ಮುಂದೆ ನಿಂತಳು. ಸೊಸೆ ಹಿಂದೆ ನೋಡಲಿಲ್ಲ, ನಿಜ. ನೋಡಬೇಡ ಎಂದು ಹೇಳಿದವಳು ಗಂಗಾಬಾಯಿಯೇ. ತವರಿಗೆ ಹೊರಟವಳು ಹೊಸ್ತಿಲು ದಾಟಿದ ಮೇಲೆ ಹೊರಳಿ ನೋಡಬಾರದು ಎಂಬುದು ಆ ಮನೆಯ ನೇಮ. ಗಂಗಾಬಾಯಿಗೆ ಅವಳ ಅತ್ತೆ ಹೀರಾಬಾಯಿ ಹೇಳಿದ್ದಳು. ಗಂಗಾಬಾಯಿಯೂ ಹೊರಳಿ ನೋಡಿರಲಿಲ್ಲ.

ಆ ಮಾತು ಆಮೇಲೆ ಹೇಳುತ್ತೇನೆ. ಮೊದಲು ಪಲ್ಯದ ಮಾತು.

ಹೀರೇಕಾಯಿ ನೋಡಲಿಕ್ಕೆ ಬಲು ಸಾಧು. ಆದರೆ ಹತ್ತರಲ್ಲಿ ಒಂದು ವಿಷದಂಥ ಕಹಿ ಹೊರಡುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಹೆಚ್ಚುವ ಮುಂಚೆ ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಒಲೆಯ ಮುಂದೆ ಆಡುವ ಐದು ವರ್ಷದ ಹುಡುಗಿಗೂ ಇದು ಗೊತ್ತು. ದೌಲತರಾಯನ ಮದುವೆಯಾಗಿ ಮೂರು ತಿಂಗಳಾಗಿತ್ತು. ಶ್ರಾವಣ ಸೋಮವಾರ. ಸೊಸೆ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದಳು. ಗಂಗಾಬಾಯಿಗೆ ಮಠಕ್ಕೆ ಹೋಗುವ ಅವಸರ. ನಲವತ್ತು ವರ್ಷ ಅಡಿಗೆ ಮಾಡಿದ ಕೈ, ನೆಕ್ಕಿ ನೋಡುವುದೇನಿದೆ ಎಂದು ಐದೂ ಹೀರೇಕಾಯಿ ಹೆಚ್ಚಿ ಒಗ್ಗರಣೆಗೆ ಹಾಕಿಬಿಟ್ಟಳು. ಮಠದಿಂದ ಅವಳು ತಿರುಗಿ ಬರುವಷ್ಟರಲ್ಲಿ ಸೊಸೆ ಗಂಡನಿಗೆ ಬಡಿಸುತ್ತಿದ್ದಳು.

ಒಂದು ತುತ್ತು ಬಾಯಿಗೆ ಹೋಯಿತು. ದೌಲತರಾಯ ಅದನ್ನು ತಾಟಿನೊಳಕ್ಕೇ ಉಗುಳಿದ.

"ಏನು ಮಾಡಿ ಹಾಕೀದಿ ಇದು? ನನ್ನ ಕೊಲ್ಲಬೇಕಂತ ಮಾಡೀಯೇನು?"

ಆ ಮನೆಯಲ್ಲಿ ಅವನ ದನಿ ಎತ್ತರವಾದದ್ದು ಅದೇ ಮೊದಲು. ಸುಂದರಬಾಯಿ ಅತ್ತೆಯ ಕಡೆ ನೋಡಿದಳು. ಎಳೆಯ ಹುಡುಗಿ, ತಾನಾಗಿ ಹೇಳುವಂತಿಲ್ಲ, ಅತ್ತೆ ಹೇಳುತ್ತಾರೆ ಎಂದು ಕಾಯುತ್ತಿದ್ದಳು. ನಾನು ಮಾಡಿದ್ದಪ್ಪಾ ಎಂಬ ಮಾತು ಗಂಗಾಬಾಯಿಯ ಹಲ್ಲಿನ ತನಕ ಬಂದಿತ್ತು. ಅಷ್ಟರಲ್ಲಿ ಮಗ ಅವಳ ಕಡೆ ತಿರುಗಿದ. ನೋಡವ್ವಾ, ಇವಳು ಎಂಥವಳು, ನೀನು ಎಂಥವಳು ಎನ್ನುವಂತಿತ್ತು ಆ ನೋಟ. ವಿಧವೆಯಾಗಿ ಆರು ವರ್ಷ, ಮನೆಗೆ ಸೊಸೆ ಬಂದು ಮೂರು ತಿಂಗಳು. ಅಂಥ ನೋಟ ಮತ್ತೆ ಸಿಕ್ಕೀತು ಎಂಬ ಆಸೆಯನ್ನೇ ಅವಳು ಬಿಟ್ಟಿದ್ದಳು. ಅದನ್ನು ಕಳೆದುಕೊಳ್ಳಲು ಅವಳಿಗೆ ಆಗಲಿಲ್ಲ.

"ಹೋಗ್ಲಿ ಬಿಡಪಾ," ಎಂದಳು. "ಸಣ್ಣ ಹುಡುಗಿ, ಕಲೀತಾಳ."

ಕೇಳಿದವರಿಗೆ ಎಷ್ಟು ದೊಡ್ಡ ಮನಸ್ಸಿನ ಅತ್ತೆ! ಸುಂದರಬಾಯಿ ತಲೆ ತಗ್ಗಿಸಿ ತಾಟು ಎತ್ತಿಕೊಂಡು ಹೋದಳು.

ಅವತ್ತಿನಿಂದ ಅವಳು ಮಾಡಿದ್ದೆಲ್ಲ ದೌಲತರಾಯನಿಗೆ ಕಹಿ. ಬೇಳೆ ಕಹಿ, ಮಜ್ಜಿಗೆ ಕಹಿ, ಸಕ್ಕರೆ ಹಾಕಿದ ಚಹಾ ಕೂಡ ಕಹಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರಿಗೆ ಉಣ್ಣುವುದೇ ಜಗಳ. ಗಂಗಾಬಾಯಿ ಕದ್ದು ರುಚಿ ನೋಡಿದಳು. ಸೊಸೆಯ ಪಲ್ಯ ತನ್ನದಕ್ಕಿಂತ ಒಂದು ಕೈ ಮೇಲಾಗಿತ್ತು. ಒಮ್ಮೆ ಮಗ "ನೀನ ನೋಡು ಯವ್ವಾ, ನಾ ಸುಳ್ಳ ಹೇಳ್ತೇನೇನು?" ಎಂದು ತಾಟು ಮುಂದೆ ಹಿಡಿದ. ಅವಳು ಬೆರಳು ಅದ್ದಿ ನೆಕ್ಕಿ, "ಜರಾ ಹಂಗ ಅನಸ್ತದ," ಎಂದಳು. ಸೊಸೆ ಅಲ್ಲೇ ನಿಂತಿದ್ದಳು. ಮರುದಿನದಿಂದ ಮಗನ ಅಡಿಗೆ ತಾಯಿಯದಾಯಿತು. ಸೊಸೆ ಬಸಿರಾದಳು, ಏಳಕ್ಕೆ ತವರಿಗೆ ಹೋದಳು.

ಕಾರ್ಡು ಬಂದ ದಿನ ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಖುರ್ಷಿದಬೇಗಂ ಬಂದು ಕೂತಳು. ಊರೂರು ಬಳೆ ಮಾರಿ ಗಂಡನಿಲ್ಲದ ಸಂಸಾರ ಸಾಕಿದ ಹೆಂಗಸು, ಬಾಯಿ ಖಾರ. ಇವಳೂ ಗಂಗಾಬಾಯಿಯೂ ಒಂದೇ ವರ್ಷ ಆ ಓಣಿಗೆ ಮದುವೆಯಾಗಿ ಬಂದವರು. ಹೀರೇಕಾಯಿಯ ಸಂಗತಿ ಗಂಗಾಬಾಯಿ ಹೇಳಿಕೊಂಡಿದ್ದರೆ ಇವಳೊಬ್ಬಳ ಮುಂದೆ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕೀರಿ ನೀವು," ಎಂದಳು ಖುರ್ಷಿದಬೇಗಂ. "ಕಸೂರ ನಿಂದು, ಸಜಾ ಅಕಿಗಿ."

"ಪಲ್ಯಾದ ಮಾತು ಸಣ್ಣದು, ಖುರ್ಷಿದಾ. ಅಷ್ಟಕ್ಕ ಯಾರರ ಹೆಂಡ್ತಿ ಬಿಡ್ತಾರೇನು?"

"ಪಲ್ಯಾದ ಮಾತು ಯಾರು ಆಡಾಕತ್ತಾರ? ಅಂವ ಅಕಿ ಮ್ಯಾಲ ಸಿಟ್ಟಾಗಿಲ್ಲ, ಗಂಗಕ್ಕಾ. ನಿನ್ನ ಮ್ಯಾಲ ಆಗ್ಯಾನ. ಎರಡೂವರಿ ವರ್ಷದಂವ ಇದ್ದಾಗಿಂದ ಆಗ್ಯಾನ. ನಿನ್ನ ಮ್ಯಾಲ ತೋರಿಸಿದ್ರ ನೀ ಮತ್ತ ಹೋಗಿಬಿಡ್ತಿ ಅಂತ ಅವಂಗ ಅಂಜಿಕಿ. ಅಕಿ ಸಿಕ್ಕಳು, ಅಕಿ ಮ್ಯಾಲ ಹಾಕಿದ."

"ಅಷ್ಟ ಸಣ್ಣಂವಗ ಏನು ನೆನಪಿರ್ತದ?"

"ತಲಿಗೆ ಇರಲಿಕ್ಕಿಲ್ಲ. ಆ ಎಂಟು ತಿಂಗಳು ಅಂವ ನಮ್ಮ ಅಂಗಳದಾಗ ಕುಂತು ಹಾದಿ ನೋಡಿದ್ದು ನಾ ನೋಡೀನಿ. ಒಂದಿನ ಅಳಲಿಲ್ಲ ಆ ಹುಡುಗ. ಅಳೋ ಹುಡುಗರನ್ನ ನೋಡಿ ನನಗ ಅಂಜಿಕಿ ಆಗಂಗಿಲ್ಲ, ಅವನ್ನ ನೋಡಿ ಆಗ್ತಿತ್ತು."

ಗಂಗಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಖುರ್ಷಿದಬೇಗಂಗೂ ಗೊತ್ತಿರದ ಮಾತು ಇನ್ನೂ ಅವಳ ಹತ್ತಿರ ಇತ್ತು.

ಇಪ್ಪತ್ತೇಳು ವರ್ಷದ ಹಿಂದೆ ದೌಲತನಿಗೆ ಎರಡೂವರೆ, ಗಂಗಾಬಾಯಿಗೆ ಮತ್ತೆ ಏಳು ತಿಂಗಳು. ಹುಡುಗ ಹಾಲು ಬಿಟ್ಟಿರಲಿಲ್ಲ. ಬಸಿರಿಯ ಹಾಲು ಒಳಗಿನ ಕೂಸಿನ ಪಾಲು, ಹೊರಗಿನದು ಕುಡಿದರೆ ಒಳಗಿನದು ಒಣಗುತ್ತದೆ ಎಂದು ಅತ್ತೆ ಹೀರಾಬಾಯಿ ದಿನಾ ಅನ್ನುವಳು. ಒಂದು ಬೆಳಗ್ಗೆ ಗಂಗಾಬಾಯಿ ಹಿತ್ತಲಿನ ಬೇವಿನ ಎಲೆ ಅರೆದು ಮೊಲೆಗೆ ಹಚ್ಚಿಕೊಂಡಳು. ಎಲ್ಲ ತಾಯಂದಿರೂ ಮಾಡುವುದೇ. ಹುಡುಗ ಓಡಿ ಬಂದು ಬಾಯಿ ಹಾಕಿದ, ಮುಖ ಕಿವುಚಿದ, ಇದೇನೆಂದು ತಾಯಿಯ ಮುಖ ನೋಡಿದ. ಮತ್ತೆ ಬಾಯಿ ಹಾಕಿದವನು ಈ ಸಲ ಹಲ್ಲು ಊರಿ ಕಚ್ಚಿದ. ರಕ್ತ ಬಂತು. ಅವಳು ಬೆನ್ನಿಗೆ ಒಂದು ಬಾರಿಸಿದಳು. ನಾಲ್ಕು ದಿನಕ್ಕೆ, ಕಾರಹುಣ್ಣಿಮೆ ಮುಗಿದದ್ದೇ, ಭೀಮಾ ಹೊಳೆಯ ಆಚೆ ಅಫಜಲಪುರದ ಕಡೆ ಇರುವ ತವರಿಗೆ ಹೊರಟಳು. ಒಯ್ದರೆ ಹುಡುಗ ಮತ್ತೆ ಹಾಲಿಗೆ ಬೀಳುತ್ತಾನೆ ಎಂದು ಅತ್ತೆ ಅವನನ್ನು ಇಲ್ಲೇ ಇರಿಸಿಕೊಂಡಳು. ಹೊಸ್ತಿಲು ದಾಟಿದ ಮೇಲೆ ಹಿಂದಿನಿಂದ "ಯವ್ವಾ" ಎಂದು ಕೂಗಿದ್ದು ಕೇಳಿಸಿತು. ನೇಮ ಮುರಿಯಬಾರದೆಂದು ಅವಳು ನಡೆದೇ ಬಿಟ್ಟಳು.

ಶ್ರಾವಣದಲ್ಲಿ ಹೆಣ್ಣು ಕೂಸು ಹುಟ್ಟಿತು, ಒಂಬತ್ತನೇ ದಿನ ಹೋಯಿತು. ಹೊಳೆ ತುಂಬಿ ಹರಿಯುತ್ತಿತ್ತು, ತೆಪ್ಪ ನಡೆಯುತ್ತಿರಲಿಲ್ಲ. ಅದು ದಸರೆಯ ತನಕ. ದಸರೆಗೆ ಹೊಳೆ ಇಳಿಯಿತು. ದೀಪಾವಳಿಗೆ ಗಂಡ ಕರೆಯಲು ಬಂದ, ಅವಳು ಹೋಗಲಿಲ್ಲ. ಸಂಕ್ರಾಂತಿಗೆ ಮತ್ತೆ ಬಂದ, ಆಗಲೂ ಹೋಗಲಿಲ್ಲ. ಮಗನ ನೆನಪು ಬಂದಾಗಲೆಲ್ಲ ಅವಳಿಗೆ ಸಿಟ್ಟು ಏಳುತ್ತಿತ್ತು. ಇವನೇ ಕುಡಿದ, ಆ ಕೂಸಿನ ಪಾಲನ್ನು ಇವನೇ ಕುಡಿದು ಮುಗಿಸಿದ ಎಂದು. ತಾನು ಕುಡಿಸಿದ್ದು ಎಂದು ಅಂದುಕೊಳ್ಳುವುದಕ್ಕಿಂತ ಇದು ಹಗುರಾಗಿತ್ತು. ಎರಡೂವರೆ ವರ್ಷದ ಹುಡುಗನ ತಲೆಯ ಮೇಲೆ ಒಂದು ಸಾವು ಹೊರಿಸಿ ಅವಳು ತವರಿನಲ್ಲಿ ಮಲಗಿ ನಿದ್ದೆ ಮಾಡಿದಳು.

ಶಿವರಾತ್ರಿಗೆ ಅವಳ ತಾಯಿಯೇ ಬೈದು ಕಳಿಸಿದಳು. ಮನೆಗೆ ಬಂದಾಗ ಹುಡುಗ ಅಜ್ಜಿಯ ಸೀರೆಯ ಹಿಂದೆ ನಿಂತಿದ್ದ. ಗುಂಡಗಿದ್ದ, ಕೆನ್ನೆಗಳು ಹೊಳೆಯುತ್ತಿದ್ದವು. ಬಹಳ ಹೊತ್ತಿನ ಮೇಲೆ ಹತ್ತಿರ ಬಂದು ಎಲ್ಲಿ ಹೋಗಿದ್ದಿ ಎಂದು ಕೇಳಿದ. ಆ ಕೆನ್ನೆ ನೋಡಿ ಅವಳಿಗೆ ಮಣ್ಣಲ್ಲಿ ಇಟ್ಟು ಬಂದದ್ದರ ನೆನಪಾಯಿತು.

"ನೀ ಕಚ್ಚಿದ್ದಿ. ಅದಕ್ಕ ಹೋಗಿದ್ದೆ," ಎಂದಳು.

ಹುಡುಗ ಮತ್ತೆಂದೂ ಯಾರನ್ನೂ ಕಚ್ಚಲಿಲ್ಲ. ಹಟ ಮಾಡಲಿಲ್ಲ, ಮಿಠಾಯಿ ಬೇಡಲಿಲ್ಲ, ಬಿದ್ದರೂ ತಾನೇ ಎದ್ದು ಧೂಳು ಕೊಡವಿಕೊಂಡ. ಎಂಥ ಬಂಗಾರದಂಥ ಮಗನನ್ನು ಹಡೆದಿ ಎಂದು ಓಣಿಯೆಲ್ಲ ಹೊಗಳಿತು. ಗಂಗಾಬಾಯಿಯೂ ಹೊಗಳಿದಳು. ದೊಡ್ಡವನಾದ ಮೇಲೆ ಅವನು ಒಮ್ಮೆ ಕೇಳಿದಾಗ, ಹೊಳೆ ಬಂದಿತ್ತು, ಅದಕ್ಕೇ ಬರಲಾಗಲಿಲ್ಲ ಎಂದು ಹೇಳಿ ಮುಗಿಸಿದಳು.

ಈ ಎಲ್ಲ ನೆನಪು ಮಾಡಿಕೊಂಡ ಮೇಲೂ ಗಂಗಾಬಾಯಿ ಮಗನ ಮುಂದೆ ಹೋಗಿ ನಿಂತಳು ಎಂದು ತಿಳಿಯಬೇಡಿ. ಮನುಷ್ಯರು ಅಷ್ಟು ಸುಲಭಕ್ಕೆ ಒಳ್ಳೆಯವರಾಗುವುದಿಲ್ಲ. ಅವಳು ಇನ್ನೂ ಹತ್ತಿರದ ದಾರಿ ಹುಡುಕಿದಳು. ಮರುದಿನ ಗುಲಬರ್ಗಾಕ್ಕೆ ಹೋಗುತ್ತೇನೆಂದು ಮಗನಿಗೆ ಹೇಳಿ, ಅಲ್ಲಿ ಬಸ್ಸು ಬದಲಿಸಿ ನರೋಣಾಕ್ಕೆ ಹೋದಳು. ತಾನೇ ಕರೆತಂದುಬಿಟ್ಟರೆ ಏನೂ ಹೇಳುವ ಗೊಡವೆಯೇ ಇಲ್ಲವಲ್ಲ.

ಹಣಮಂತರಾಯ ಬೀಗತಿಗೆ ಚಹಾ ಕೊಡಿಸಿ ನೇರ ಹೊಲಕ್ಕೆ ಹೋದ. ಸುಂದರಬಾಯಿ ನಡುಮನೆಯಲ್ಲಿ ಕೂಸಿಗೆ ಹಾಲು ಕೊಡುತ್ತ ಕೂತಿದ್ದಳು. ಕೂಸು ಕಣ್ಣು ಮುಚ್ಚಿ, ಒಂದು ಕೈಯಿಂದ ತಾಯಿಯ ಕುಪ್ಪಸದ ಅಂಚು ಹಿಡಿದಿತ್ತು. ದೌಲತನೂ ಹೀಗೇ ಹಿಡಿಯುತ್ತಿದ್ದ. ಗಂಗಾಬಾಯಿಗೆ ಕಣ್ಣು ಎತ್ತಲಾಗಲಿಲ್ಲ.

"ನಡಿಯವ್ವಾ, ಮನಿಗೆ ಹೋಗೋಣು," ಎಂದಳು.

"ನೀವು ಕರದ್ರ ನಾ ಬರಂಗಿಲ್ರಿ, ಅತ್ತಿ. ಅವರು ಬರಬೇಕು."

"ಅಂವ ಬರಾಂಗ ಕಾಣವಲ್ದು."

"ಬರ್ತಾರ್ರಿ. ಅವತ್ತಿನ ಪಲ್ಯಾ ಯಾರು ಮಾಡಿದ್ದು ಅಂತ ನೀವು ಹೇಳಿದ್ರ ಬರ್ತಾರ." ಸುಂದರಬಾಯಿಯ ದನಿ ಏರಲಿಲ್ಲ. "ನಾನ ಹೇಳಬಹುದಿತ್ತು. ಹೇಳಿದ್ರ ನಿಮ್ಮನ್ನ ನಂಬ್ತಿದ್ರು, ನನ್ನಲ್ಲ. ಮತ್ತ ನಂದೂ ಒಂದು ಆಸೆ ಇತ್ರಿ. ಅತ್ತಿ ಇವತ್ತ ಹೇಳ್ತಾರ, ನಾಳಿಗೆ ಹೇಳ್ತಾರ ಅಂತ. ಒಂದು ವರ್ಷ ನೋಡಿದೆ."

ಬೈದಿದ್ದರೆ ಗಂಗಾಬಾಯಿ ಬೈದು ಉತ್ತರ ಕೊಡುತ್ತಿದ್ದಳು. ಈಗ ಸೆರಗಿನ ಅಂಚು ಮಡಿಚುತ್ತ ಬಿಚ್ಚುತ್ತ ಕೂತಳು. ಸೊಸೆ ಏನು ತಿಳಿದಳೋ, ಕೂಸನ್ನು ಅವಳ ತೊಡೆಯ ಮೇಲೆ ಇಟ್ಟು ಒಳಗೆ ಹೋದಳು. ಹೊಸ ಮುಖ ಕಂಡ ಕೂಸು ಬಾಯಿ ಸೊಟ್ಟ ಮಾಡಿತು. ಗಂಗಾಬಾಯಿಗೆ ಅದರ ಅಳು ಕೇಳುವ ಧೈರ್ಯ ಇರಲಿಲ್ಲ, ಅವಳೇ ಮೊದಲು ಅತ್ತಳು.

ನೆಲೋಗಿಗೆ ಬಂದು ಒಂಬತ್ತು ದಿನ ದಾಟಿಸಿದಳು. ಇವತ್ತು ಗಿರಣಿಯ ಬೆಲ್ಟು ಹರಿದಿದೆ, ಅವನ ತಲೆ ಬಿಸಿಯಾಗಿದೆ, ಬೇಡ. ಇವತ್ತು ಏಕಾದಶಿ, ಬೇಡ. ಇವತ್ತು ಬಿಸಿಲು ಬಹಳ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಮಗ "ಯವ್ವಾ" ಎಂದು ಕರೆದರೆ ಸಾಕು, ಸಿಕ್ಕಿಬಿದ್ದೆ ಎಂದು ಬೆಚ್ಚುವಳು. ಖುರ್ಷಿದಬೇಗಂ ದಿನಾ ಸಂಜೆ ಬಾಗಿಲಲ್ಲಿ ಮುಖ ತೋರಿಸಿ, ಏನೂ ಆಗಿಲ್ಲ ಎಂದು ತಿಳಿದು, ಕೂರದೆ ಹೋಗುತ್ತಿದ್ದಳು.

ಅಮಾವಾಸ್ಯೆಗೆ ಇನ್ನು ಒಂದೇ ದಿನ. ಮಧ್ಯಾಹ್ನ ದೌಲತರಾಯ ಉಣ್ಣುತ್ತಿದ್ದ. ಅಮೃತ ಎಂಬ ಮಾತು ಹೇಳಿ ಮುಗಿಸಿದ್ದ.

"ದೌಲತಾ, ಅವತ್ತಿನ ಹೀರಿಕಾಯಿ ಪಲ್ಯಾ ನಾ ಮಾಡಿದ್ದು."

"ಯಾವ ಪಲ್ಯಾ?"

"ನೀ ಉಗುಳಿದ್ದು. ಶ್ರಾವಣ ಸೋಮವಾರದ್ದು. ನಾನ ಮಾಡಿ ಇಟ್ಟು ಮಠಕ್ಕ ಹೋಗಿದ್ದೆ. ತುದಿ ನೆಕ್ಕಿ ನೋಡಲಿಲ್ಲ. ಅಕಿ ಬಡಿಸಿದ್ದು ಅಷ್ಟ."

ದೌಲತರಾಯ ನಕ್ಕುಬಿಟ್ಟ. "ಅಕಿನ್ನ ಉಳಸಾಕ ಸುಳ್ಳ ಹೇಳಾಕತ್ತಿ ನೀ. ನೀ ಮಾಡಿದ್ರ ಅವತ್ತ ಹೇಳ್ತಿದ್ದಿ. ನೀ ಅಂಥಾಕಿ ಅಲ್ಲ, ಯವ್ವಾ."

ಗಂಗಾಬಾಯಿಗೆ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಹೇಳಿದ್ದೂ ಆಯಿತು, ಮಗ ನಂಬದಿದ್ದರೆ ತಾನೇನು ಮಾಡಲಿ ಎಂದು ದೇವರ ಮುಂದೆ ಕೈ ಮುಗಿಯಬಹುದಿತ್ತು. ಆದರೆ ಕೂಸು ಕುಪ್ಪಸದ ಅಂಚು ಹಿಡಿದದ್ದು ಕಣ್ಣ ಮುಂದೆ ಬಂತು.

"ಅಂಥಾಕೀನ ಇದ್ದೇನಿ," ಎಂದಳು. "ಹೊಳೆ ಬಂದಿತ್ತು ಅಂತ ಹೇಳಿದ್ದೆನಲ್ಲ ನಿನಗ, ಸುಳ್ಳ ಅದು. ಹೊಳೆ ದಸರಾಕ್ಕ ಇಳಿದಿತ್ತು. ನಿಮ್ಮಪ್ಪ ಎರಡು ಸಲ ಕರೀಲಿಕ್ಕೆ ಬಂದಿದ್ದ. ನಾ ಬರಲಿಲ್ಲ."

ಅವನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಉಳಿಯಿತು. "ನಾ ಕಚ್ಚಿದ್ದೆ," ಎಂದ. ಅಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಇದೇ ಮೊದಲು. ಮರೆತಿರಬೇಕು ಎಂದು ಅವಳು ಅಂದುಕೊಂಡಿದ್ದಳು.

"ಅದಕ್ಕಲ್ಲಪಾ. ನೀ ಕೂಸು. ಹಸಿವಾಗಿತ್ತು, ಕಹಿ ಸಿಕ್ತು, ಕಚ್ಚಿದಿ. ಬೇವು ಹಚ್ಚಿದಾಕಿ ನಾನು. ನಿನ್ನ ತಂಗಿ ಸತ್ತಳು. ನೀ ಹಾಲು ಕುಡಿದದ್ದಕ್ಕ ಸತ್ತಳು ಅಂತ ನಿನ್ನ ಮ್ಯಾಲ ಸಿಟ್ಟ ಇಟ್ಟಿದ್ದೆ. ನಿನ್ನ ಮಾರಿ ನೋಡೋ ಮನಸ್ಸ ಇರಲಿಲ್ಲ ನನಗ. ಅದಕ್ಕ ಬರಲಿಲ್ಲ. ನಿನ್ನ ತಪ್ಪು ಏನೂ ಇಲ್ಲ. ಅವತ್ತೂ ಇರಲಿಲ್ಲ."

ದೌಲತರಾಯ ಕೈಯಲ್ಲಿದ್ದ ಚೂರನ್ನು ಪಲ್ಯಕ್ಕೆ ಒತ್ತಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಆಮೇಲೆ ತಾಟಿನೊಳಕ್ಕೆ ಉಗುಳಿ ಅವಳ ಮುಖವನ್ನೇ ನೋಡಿದ.

"ಕಹಿ ಆಗ್ಯದ."

"ಹೌದಪಾ," ಎಂದಳು ಗಂಗಾಬಾಯಿ. ಹಿಂದೊಮ್ಮೆ ಇದೇ ಮಾತಿಗೆ ಹೂಂಗುಟ್ಟಿದಾಗ ಅವಳು ಸುಳ್ಳು ಹೇಳಿದ್ದಳು. ಈ ಸಲ ಹೇಳಲಿಲ್ಲ.

ಅವನು ಎದ್ದು ತಾಟಿಗೆ ಕಾಲಿನಿಂದ ಒದ್ದ. ತಾಟು ಗೋಡೆಗೆ ಬಡಿದು ಬಿತ್ತು, ಗೋಡೆಯ ಸುಣ್ಣಕ್ಕೆ ಪಲ್ಯ ಹತ್ತಿತು. ನೀನು ಸಾಯಬೇಕಾಗಿತ್ತು ಎಂದ. ಆ ಕೂಸಿನ ಬದಲು ನೀನು ಸಾಯಬೇಕಾಗಿತ್ತು ಎಂದ. ಇನ್ನೂ ಏನೇನೋ ಕೂಗಿದ. ಗಿರಣಿಗೆ ಹೊರಟ ಹೆಂಗಸರು ಬುಟ್ಟಿ ಹೊತ್ತು ಬಾಗಿಲ ಹೊರಗೆ ನಿಂತು ಕೇಳಿದರು, ದೌಲತರಾಯನ ದನಿಯೇ ಇದು ಎಂದು ನಂಬಲಿಲ್ಲ. ಗಂಗಾಬಾಯಿ ಕೂತಲ್ಲೇ ಕೂತಿದ್ದಳು. ಎದ್ದು ಹೋಗಿಬಿಡಬೇಕು ಅನಿಸಿತು. ಹೋಗಲಿಲ್ಲ. ಅವತ್ತು ಅವಳಿಗೆ ಮಾಡಲು ಬಂದದ್ದು ಅದೊಂದೇ. ಅವನು ಕೂಗಿ ಮುಗಿಸುವ ತನಕ ಅಲ್ಲೇ ಕೂತಳು.

ಮರುದಿನ ಮೊದಲ ಬಸ್ಸಿಗೆ ಅವನು ಹೇಳದೆ ಹೋದ. ಅಮಾವಾಸ್ಯೆಯ ಸಂಜೆ ಹೆಂಡತಿ ಮಗಳೊಂದಿಗೆ ಬಂದು ಇಳಿದ. ಸುಂದರಬಾಯಿ ಅತ್ತೆಯ ಕಾಲು ಮುಟ್ಟಿ, ಅಡಿಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. "ತೊಟ್ಟಲದ ಬಾಜೂ ಕುಂತವರು ಏಳಲೇ ಇಲ್ರಿ. ಬಸ್ಸಿನ್ಯಾಗ ಯಾಕ ಹೊಳ್ಳಿ ನೋಡಲಿಲ್ಲ ಅಂತ ನನ್ನ ಕೇಳಿದ್ರು. ಅತ್ತಿ ಬ್ಯಾಡ ಅಂದಿದ್ರು ಅಂದೆ."

"ಅದಕ್ಕ ಏನಂದ?"

"ನಕ್ರು. ಆಮ್ಯಾಲ ಅತ್ರು."

ಸುಂದರಬಾಯಿಯ ಅಡಿಗೆ ಕಹಿಯಾಗುವುದು ನಿಂತಿತು. ಒಮ್ಮೆ ಉಪ್ಪು ಹೆಚ್ಚಾಗಿ ಗಂಡ ಹೆಂಡತಿ ಚೆನ್ನಾಗಿಯೇ ಜಗಳಾಡಿದರು. ಉಪ್ಪು ನಿಜವಾಗಿ ಹೆಚ್ಚಾಗಿತ್ತು. ಉಂಡು ಮಲಗುವ ಹೊತ್ತಿಗೆ ಜಗಳ ಮುಗಿದಿತ್ತು. ಗಂಗಾಬಾಯಿಯೊಂದಿಗೆ ಮಾತ್ರ ಮಗ ಮಾತು ಬಿಟ್ಟ. ಉಣ್ಣಲು ಕೂತರೆ ಅಡಿಗೆ ಯಾರು ಮಾಡಿದ್ದೆಂದು ಹೆಂಡತಿಯನ್ನು ಕೇಳುವನು. ತಾಯಿ ಬಡಿಸಲು ಬಂದರೆ ತಾಟಿನ ಮೇಲೆ ಅಂಗೈ ಮುಚ್ಚುವನು. ಮೊದಲ ದಿನ ಅವಳು ಹಿತ್ತಲಿಗೆ ಹೋಗಿ ಅತ್ತಳು. ಆಮೇಲೆ ತಾನು ಮಾಡಿದ್ದನ್ನು ತಾನೇ ಬಡಿಸಿಕೊಂಡು ಉಂಡಳು. ಸುಂದರಬಾಯಿಗೆ ಒಂದು ವರ್ಷ ಹೀಗೆ ಆಗಿತ್ತು. ಲೆಕ್ಕಕ್ಕೆ ಗಂಗಾಬಾಯಿಯ ಪಾಲಿನದು ಇನ್ನೂ ಬಹಳ ಬಾಕಿ ಇತ್ತು.

ಶ್ರಾವಣದಲ್ಲಿ ಗಂಗಾಬಾಯಿಯ ತವರಿನಿಂದ ಸುದ್ದಿ ಬಂತು, ಅಣ್ಣನಿಗೆ ಹುಷಾರಿಲ್ಲ, ಬಂದು ನೋಡಿ ಹೋಗು ಎಂದು. ಗಂಗಾಬಾಯಿ ಒಂದು ಕೈಚೀಲದಲ್ಲಿ ಸೀರೆ ಇಟ್ಟುಕೊಂಡಳು. ಮಗನಿಗೆ ಹೇಳಲು ಸೊಸೆಗೇ ಹೇಳಿದಳು. ಹೊರಡುವಾಗ ದೌಲತರಾಯ ಕಟ್ಟೆಯ ಮೇಲೆ ಮಗಳನ್ನು ಎತ್ತಿಕೊಂಡು ನಿಂತಿದ್ದ, ಮುಖ ಆ ಕಡೆ ಇತ್ತು. ಅವಳು ಹೊಸ್ತಿಲು ದಾಟಿದಳು, ಅಂಗಳ ದಾಟಿದಳು. ಬೇವಿನ ಗಿಡದ ಹತ್ತಿರ ಬಂದಿದ್ದಳು.

"ಯವ್ವಾ."

ಬೈಯುವ ದನಿ. ಆದರೂ ಯವ್ವಾ. ಗಂಗಾಬಾಯಿ ನಿಂತಳು. ನೇಮ ಹಾಳಾಗಿ ಹೋಗಲಿ ಎಂದು ಪೂರ್ತಿ ಹೊರಳಿ ನಿಂತಳು.

"ಯಾವಾಗ ಬರ್ತಿ?"

"ನಾಡದ ಬರ್ತೇನಪಾ."

"ನಾಡದ ಅಂದ್ರ ನಾಡದ ಬರಬೇಕು. ಹೊಳಿ ಬಂದಿತ್ತು, ಹಳ್ಳ ಬಂದಿತ್ತು ಅನಬ್ಯಾಡ."

"ಇಲ್ಲಪಾ," ಎಂದಳು. ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ ನಡೆದಳು. ಓಣಿಯ ಮೂಲೆಯಲ್ಲಿ ಹೊರಳಿದಾಗ ಅವನು ಹಾಗೇ ನಿಂತಿದ್ದ. ಕೂಸಿನ ಕೈ ಹಿಡಿದು ಬೀಸಲಿಲ್ಲ, ನಗಲಿಲ್ಲ, ಒಳಗೂ ಹೋಗಲಿಲ್ಲ.

ಅಣ್ಣನ ಜ್ವರ ಇಳಿದಿತ್ತು. ಇನ್ನೆರಡು ದಿನ ಇರು ಎಂದು ಎಲ್ಲರೂ ಹೇಳಿದರು. ಗಂಗಾಬಾಯಿ ನಾಡಿದ್ದಿನ ತನಕವೂ ನಿಲ್ಲಲಿಲ್ಲ, ಮರುದಿನವೇ ಮನೆಗೆ ಬಂದಳು.